ಕಲಿಯುವವಳ ಎದುರು ಕೂತವರಿಗೆ

ಹೋದ ವಾರ ನನ್ನ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಪತ್ರ ಬಂತು. 1992ರ ಕಾಯ್ದೆ ಪ್ರಕಾರ ಆ ನೋಂದಣಿ ಇಲ್ಲದೆ ಕ್ಲಿನಿಕಲ್ ಸೈಕಾಲಜಿಸ್ಟ್ (ಮಾನಸಿಕ ಕಾಯಿಲೆಗೆ ಪರೀಕ್ಷೆ, ಮಾತಿನ ಚಿಕಿತ್ಸೆ ಮಾಡುವವರು) ಆಗಿ ಕೆಲಸ ಮಾಡುವಂತಿಲ್ಲ. ಎರಡು ವರ್ಷದ ಎಂ.ಫಿಲ್ ಮುಗಿಯಿತು, ಪರೀಕ್ಷೆ ಪಾಸಾಯಿತು, ಕಾಗದವೂ ಕೈಗೆ ಸಿಕ್ಕಿತು. ಫೋನ್ ಮಾಡಿದವರಿಗೆ, ಮೆಸೇಜ್ ಕಳಿಸಿದವರಿಗೆ ಒಬ್ಬೊಬ್ಬರಿಗೇ ಉತ್ತರ ಕೊಡುತ್ತಿದ್ದೇನೆ. ಈ ಕೃತಜ್ಞತೆಯ ಬರಹ ಇರೋದು ನನ್ನ ನಂಬರೇ ಇಲ್ಲದವರಿಗೆ. ಧಾರವಾಡದ ಆಸ್ಪತ್ರೆಯಲ್ಲಿ ನಾನು ಕಲಿಯುವಾಗ ನನ್ನ ಎದುರು ಬಂದು ಕೂತ ರೋಗಿಗಳಿಗೆ, ಅವರ ಜೊತೆ ಬಂದ ಮನೆಯವರಿಗೆ.

ಅವರ ಹೆಸರು ಹೇಳುವಂತಿಲ್ಲ. ಹಾಗಾಗಿ ಊರು, ವಯಸ್ಸು, ಕಸುಬು ಎಲ್ಲ ಬದಲಿಸಿದ್ದೇನೆ. ಕೆಲವು ಕಡೆ ಇಬ್ಬರು ಮೂವರ ಕಥೆ ಒಬ್ಬರದ್ದಾಗಿದೆ. ಓದುತ್ತಿರುವ ಯಾರಿಗಾದರೂ "ಇದು ನಾನೇ" ಅನ್ನಿಸಿದರೆ, ನಿಮ್ಮಂಥವರು ಇನ್ನೂ ಹಲವರಿದ್ದಾರೆ ಅಂತ ತಿಳಿದುಕೊಳ್ಳಿ.

ಡಾಕ್ಟರುಗಳ ಹಾಗೆಯೇ ನಮ್ಮ ಕಲಿಕೆಯೂ ರೋಗಿಗಳಿಂದಲೇ ಆಗಬೇಕು. ಪುಸ್ತಕ ಓದಿ ಥೆರಪಿ ಮಾಡಲು ಬರುವುದಿಲ್ಲ. ಮೊದಲ ಭೇಟಿಯಲ್ಲೇ ನಾವು ಒಂದು ಮಾತು ಹೇಳಬೇಕು: "ನಾನಿನ್ನೂ ಕಲಿಯುತ್ತಿದ್ದೇನೆ. ನಾವು ಮಾತಾಡಿದ್ದನ್ನು ನನ್ನ ಗೈಡ್ ಹತ್ತಿರ ಚರ್ಚೆ ಮಾಡುತ್ತೇನೆ. ನಿಮಗೆ ಬೇಡ ಅನ್ನಿಸಿದರೆ ಬೇಡ ಅನ್ನಿ, ನಿಮ್ಮ ಚಿಕಿತ್ಸೆಗೆ ಏನೂ ತೊಂದರೆ ಆಗಲ್ಲ." ಒಬ್ಬ ಮನುಷ್ಯ ಮನೆಯಲ್ಲೂ ಬಾಯಿಬಿಡದ ಸಂಕಟ ಹೊತ್ತುಕೊಂಡು, ರಾತ್ರಿ ಬಸ್ಸು ಹಿಡಿದು ಬಂದಿರುತ್ತಾನೆ. ಅವನ ಎದುರು ಕೂತು "ನಾನು ವಿದ್ಯಾರ್ಥಿ" ಅನ್ನಬೇಕು. ಒಪ್ಪಲೇಬೇಕು ಅಂತ ಏನಿತ್ತು ಅವರಿಗೆ?

ಆದರೂ ಒಪ್ಪಿದರು. ಹಾವೇರಿ ಕಡೆಯ ಒಬ್ಬ ಅಜ್ಜಿ ಅಂದದ್ದು ಹೀಗೆ: "ಕಲಿಯಾಕ ಬಂದೀಯೇನ ತಂಗಿ? ಹಂಗಾರ ಸಾವಕಾಶ ಕೇಳು. ನನಗೇನ ಗಡಿಬಿಡಿ ಇಲ್ಲ." ನಾನು ಹಾಸನದ ಕಡೆಯವಳು. ಅವರು ಹೇಳಿದ ಅರ್ಧ ಮಾತು ನನಗೆ ತಿಳಿಯದಿದ್ದಾಗ ಬೇಸರವಿಲ್ಲದೆ ಇನ್ನೊಮ್ಮೆ ಹೇಳುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಅವರಿಗೆ ನಿದ್ದೆ ಇರಲಿಲ್ಲ, ಊಟ ಸೇರುತ್ತಿರಲಿಲ್ಲ. ಎದೆ ಹಾರ್ತೈತಿ, ಕೈಕಾಲು ಉರೀತಾವು ಅಂತ ಊರೂರು ಅಲೆದು, ಎಲ್ಲ ಕಡೆ ರಕ್ತ ಪರೀಕ್ಷೆ ಮಾಡಿಸಿ, ಕೊನೆಗೆ ಇಲ್ಲಿಗೆ ಬಂದಿದ್ದರು. ತಮ್ಮ ದುಃಖ ಹೇಳಿಕೊಳ್ಳುತ್ತಲೇ ನನಗೆ ಕೇಳಿಸಿಕೊಳ್ಳುವುದನ್ನು ಕಲಿಸಿದರು. ಅಜ್ಜೀ, ನಿಮಗೆ ಮೊದಲ ನಮಸ್ಕಾರ.

ಗದಗದ ಕಡೆಯ ಒಬ್ಬ ಅಕ್ಕನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅವರಿಗೆ ಗೀಳು ಕಾಯಿಲೆ, ಒಸಿಡಿ. ಕೈ ತೊಳೆದಷ್ಟೂ ಸಾಲದು, ಪಾತ್ರೆ ತೊಳೆದಷ್ಟೂ ಸಾಲದು. ಅಂಗೈ ಚರ್ಮ ಸುಲಿದುಹೋಗಿತ್ತು. ಆದರೆ ಗಂಡ ಅವರನ್ನು ಕರೆತಂದದ್ದು ಕೈ ನೋಡಿ ಅಲ್ಲ, ನೀರಿಗಾಗಿ. ವಾರಕ್ಕೊಮ್ಮೆ ನಲ್ಲಿ ಬರುವ ಊರು. ಎಲ್ಲರಿಗೂ ಅಂತ ತುಂಬಿಸಿಟ್ಟ ನೀರು ಎರಡೇ ದಿನಕ್ಕೆ ಖಾಲಿಯಾಗುತ್ತಿತ್ತು. ಮನೆಯಲ್ಲಿ ದಿನಾ ಜಗಳ.

ಇದಕ್ಕೆ ಔಷಧಿಯ ಜೊತೆ ಒಂದು ಥೆರಪಿ ಇದೆ. ಲಂಡನ್ನಿನ ವಿಕ್ಟರ್ ಮೆಯರ್ ಎಂಬ ಮನಶ್ಶಾಸ್ತ್ರಜ್ಞ 1966ರಲ್ಲಿ ಇದರ ಮೊದಲ ವರದಿ ಬರೆದರು. ಹೆದರಿಕೆ ಹುಟ್ಟಿಸುವ ವಸ್ತುವನ್ನು ಮುಟ್ಟಬೇಕು, ಮುಟ್ಟಿದ ಮೇಲೆ ತೊಳೆಯದೆ ಇರಬೇಕು. ತೊಳೆದಾಗ ಭಯ ತಕ್ಷಣ ಇಳಿಯುತ್ತದೆ. ತೊಳೆದಿದ್ದಕ್ಕೇ ಬಚಾವಾದೆ ಅಂತ ಮನಸ್ಸು ನಂಬುತ್ತದೆ, ಮುಂದಿನ ಸಲ ಇನ್ನೂ ಜಾಸ್ತಿ ತೊಳೆಯಲು ಹೇಳುತ್ತದೆ. ತೊಳೆಯದೆ ಕೂತರೆ ಭಯ ಮೊದಲು ಏರುತ್ತದೆ, ಆಮೇಲೆ ತಾನಾಗಿಯೇ ಇಳಿಯುತ್ತದೆ. ಅದು ಇಳಿಯುವುದನ್ನು ಮನುಷ್ಯ ಒಮ್ಮೆ ತಾನೇ ನೋಡಬೇಕು. ಬೇರೆಯವರು ಹೇಳಿದರೆ ನಂಬಿಕೆ ಬರಲ್ಲ.

ಮೊದಲು ಇಬ್ಬರೂ ಕೂತು ಒಂದು ಪಟ್ಟಿ ಮಾಡಿದೆವು. ಕಡಿಮೆ ಹೆದರಿಕೆಯದ್ದು ಕೆಳಗೆ, ಜಾಸ್ತಿಯದ್ದು ಮೇಲೆ. ಭಯ ಎಷ್ಟಿದೆ ಅಂತ ಸೊನ್ನೆಯಿಂದ ನೂರರೊಳಗೆ ಹೇಳಿ ಅಂತ ನಮ್ಮ ಪುಸ್ತಕ ಹೇಳುತ್ತದೆ. ಅವರು ಆಣೆ ಲೆಕ್ಕದಲ್ಲಿ ಹೇಳಿದರು. ಓಪಿಡಿ ಬಾಗಿಲ ಹಿಡಿಕೆ ಆರಾಣೆ. ಬಸ್ಸಿನ ಕಂಬಿ ಹತ್ತಾಣೆ. ಬೇರೆಯವರ ಚಪ್ಪಲಿ ಹದಿನಾರಾಣೆ, ಅಂದರೆ ಪೂರ್ತಿ ರೂಪಾಯಿ. ನಾನೂ ಆಣೆಯಲ್ಲೇ ಬರೆದುಕೊಂಡೆ.

ಚಪ್ಪಲಿ ದಿನ ಬಂತು. ಮೊದಲು ನಾನು ನನ್ನ ಚಪ್ಪಲಿಯ ತಳಕ್ಕೆ ಅಂಗೈ ಒತ್ತಿದೆ. ಆಮೇಲೆ ಅವರು ಒತ್ತಿದರು. ಇಬ್ಬರೂ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತೆವು. ಅವರ ಬೆರಳು ನಡುಗುತ್ತಿತ್ತು. ಹಣೆ ಮೇಲೆ ಬೆವರು, ಅದನ್ನು ಒರೆಸಿಕೊಳ್ಳಲು ಕೈ ಎತ್ತುವಂತಿಲ್ಲ. ಕೊರಳು ಬಗ್ಗಿಸಿ ಭುಜಕ್ಕೆ ಒರೆಸಿಕೊಂಡರು. ನಾನು ಆಗಾಗ ಎಷ್ಟು ಅಂತ ಕೇಳುತ್ತಿದ್ದೆ. "ಹದಿನಾರಾಣೆರಿ." ಮತ್ತೆ ಕೇಳಿದಾಗಲೂ ಹದಿನಾರಾಣೆ. ಬಹಳ ಹೊತ್ತು ಕದಲಲೇ ಇಲ್ಲ. ಆಮೇಲೆ ಹದಿನಾಲ್ಕು. ಹನ್ನೆರಡು. ಹೊರಗೆ ಯಾರೋ ಚಹಾ ಮಾರುತ್ತಾ ಹೋದರು. ಅವರು ನನ್ನ ಮುಖ ನೋಡಿ, "ಎಂಟಾಣೆ ಆತಲ್ರೀ. ನಾ ಏನೂ ಮಾಡಿಲ್ಲ, ಹೆಂಗ ಇಳೀತು?" ಅಂದರು.

ಆ ಪ್ರಶ್ನೆಗೆ ಉತ್ತರ ಪುಸ್ತಕದಲ್ಲಿ ಓದಿದ್ದೆ. ಆದರೆ ನಿಜವಾಗಿ ಗೊತ್ತಾಗಿದ್ದು ಅವತ್ತು, ಅವರಿಂದ. ಇಷ್ಟು ದೊಡ್ಡ ಭಯವನ್ನು ಕಲಿಯುವ ಹುಡುಗಿಯೊಬ್ಬಳ ಮಾತು ನಂಬಿ ಅನುಭವಿಸಿದರಲ್ಲ, ಆ ಧೈರ್ಯ ಅವರದು. ಅಕ್ಕಾ, ನಿಮ್ಮ ಋಣ ದೊಡ್ಡದು.

ಧಾರವಾಡ ಗೊತ್ತಿದ್ದವರಿಗೆ ಇನ್ನೊಂದು ಗುಂಪೂ ಗೊತ್ತಿರುತ್ತದೆ. ಪಿಎಸ್‌ಐ, ಕೆಎಎಸ್ ಅಂತ ರೂಮು ಮಾಡಿಕೊಂಡು ವರ್ಷಗಟ್ಟಲೆ ಓದುವ ಹುಡುಗರು. ನೇಮಕಾತಿ ಮುಂದಕ್ಕೆ ಹೋಗುತ್ತದೆ, ವಯೋಮಿತಿ ಹತ್ತಿರ ಬರುತ್ತದೆ, ಊರಿಗೆ ಫೋನ್ ಮಾಡಲು ಮುಖವಿಲ್ಲ. ಖಿನ್ನತೆ ಮೆಲ್ಲಗೆ ಹತ್ತಿಕೊಳ್ಳುತ್ತದೆ. ಅವರಿಗೆ ನಾವು ಕೊಡುತ್ತಿದ್ದ ಥೆರಪಿ ನೋಡಲು ತೀರಾ ಸಾದಾ. ದಿನದಲ್ಲಿ ಏನೇನು ಮಾಡಿದೆ, ಆಗ ಮನಸ್ಸು ಹೇಗಿತ್ತು ಅಂತ ಬರೆಯುವುದು, ಬಿಟ್ಟುಹೋದ ಕೆಲಸಗಳನ್ನು ಒಂದೊಂದಾಗಿ ಮತ್ತೆ ಶುರು ಮಾಡುವುದು. ಮನಸ್ಸು ಸರಿಯಾದ ಮೇಲೆ ಮಾಡ್ತೀನಿ ಅನ್ನುವವರಿಗೆ, ಮಾಡುತ್ತಾ ಮಾಡುತ್ತಾ ಮನಸ್ಸು ಸರಿಯಾಗುತ್ತದೆ ಅಂತ ತೋರಿಸುವುದು. ಅಮೆರಿಕದಲ್ಲಿ ನೀಲ್ ಜೇಕಬ್ಸನ್ ಮತ್ತು ಜೊತೆಗಾರರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಷ್ಟೇ ಮಾಡಿದರೂ ಯೋಚನೆಯ ರೀತಿಯನ್ನೂ ತಿದ್ದುವ ಪೂರ್ತಿ ಕಾಗ್ನಿಟಿವ್ ಥೆರಪಿಯಷ್ಟೇ ಗುಣ ಕಂಡಿತ್ತು. ಒಬ್ಬ ತಮ್ಮ ಸಂಜೆ ಕೆಲಗೇರಿ ಕೆರೆ ತನಕ ನಡೆಯಲು ಶುರು ಮಾಡಿದ. ಇನ್ನೊಬ್ಬ ಓದು ಬಿಟ್ಟು ಊರಿಗೆ ಹೋಗಿ ಡೈರಿ ಕೆಲಸ ಹಿಡಿದ. ಎರಡೂ ನನಗೆ ಸಂತೋಷವೇ.

ಲಂಬಾಣಿ ತಾಂಡಾದಿಂದ ಒಬ್ಬ ಪುಟ್ಟ ಹುಡುಗ ಬಂದಿದ್ದ. ಮಾತು ತಡ, ಶಾಲೆಯಲ್ಲಿ ದಡ್ಡ ಅಂತ ಹಿಂದೆ ಕೂರಿಸಿದ್ದರು. ಬುದ್ಧಿಶಕ್ತಿ ಅಳೆಯಲು ನಮ್ಮಲ್ಲಿ ಬಿನೆ-ಕಾಮತ್ ಪರೀಕ್ಷೆ ಇದೆ. ಸ್ವಾತಂತ್ರ್ಯಕ್ಕೂ ಮುಂಚೆ ವಿ. ವಿ. ಕಾಮತ್ ಅವರು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗಾಗಿಯೇ ಹೊಂದಿಸಿದ ಪರೀಕ್ಷೆ ಅದು. ಎಂಥ ದೊಡ್ಡ ಕೆಲಸ! ಆದರೆ ಈ ಹುಡುಗನ ಮನೆಮಾತು ಕನ್ನಡವಲ್ಲ. ಹಾಗಾಗಿ ಹತ್ತು ಮರದ ಆಕಾರಗಳನ್ನು ಗುಳಿಗಳಲ್ಲಿ ಕೂರಿಸುವ ಸೆಗ್ವಿನ್ ಫಾರ್ಮ್ ಬೋರ್ಡ್ ತೆಗೆದೆ. ಏನು ಮಾಡಬೇಕು ಅಂತ ಅವನಿಗೆ ಲಂಬಾಣಿಯಲ್ಲಿ ಹೇಳಿಕೊಟ್ಟವರು ನಮ್ಮ ವಾರ್ಡಿನ ಆಯಾ. ಅದು ಅವರ ಕೆಲಸವೇ ಅಲ್ಲ. ನೆಲ ಒರೆಸುವುದನ್ನು ಅರ್ಧಕ್ಕೆ ಬಿಟ್ಟು, ಕೈ ಒರೆಸಿಕೊಂಡು ಬಂದು ಅವನ ಪಕ್ಕ ಕೂತರು. ತಾಯಿಯ ಜೊತೆಗಿನ ಮಾತುಕತೆ ಪೂರ್ತಿ ಅವರ ಮೂಲಕವೇ ನಡೆಯಿತು. ಆಯಮ್ಮಾ, ನನ್ನ ಕೇಸ್ ಫೈಲಿನಲ್ಲಿ ನಿಮ್ಮ ಹೆಸರು ಎಲ್ಲೂ ಬರಲ್ಲ. ಹಾಗಾಗಿ ಇಲ್ಲಿ ಹೇಳುತ್ತಿದ್ದೇನೆ.

ಜೊತೆಗೆ ಬಂದವರ ಬಗ್ಗೆ ಹೇಳದೆ ಮುಗಿಸಲಾರೆ. ನಮ್ಮ ದೇಶದಲ್ಲಿ ಮನೆಯವರನ್ನು ಹುಚ್ಚಾಸ್ಪತ್ರೆಯ ಗೋಡೆಯ ಒಳಗೆ ಕರೆತಂದವರು ಅಮೃತಸರದ ಡಾ. ವಿದ್ಯಾಸಾಗರ್. 1950ರ ದಶಕದಲ್ಲಿ ಆವರಣದಲ್ಲೇ ಡೇರೆ ಹಾಕಿಸಿ ರೋಗಿಯ ಜೊತೆ ಮನೆಯವರನ್ನೂ ಉಳಿಸಿಕೊಂಡರು. ಇವತ್ತು ನಮ್ಮ ವಾರ್ಡುಗಳಲ್ಲಿ ಅಮ್ಮನೋ ಅಣ್ಣನೋ ಮಂಚದ ಪಕ್ಕ ಚಾಪೆ ಹಾಸಿಕೊಂಡಿರುತ್ತಾರೆ.

ಅಂಥ ಒಬ್ಬ ತಾಯಿ. ಮಗನಿಗೆ ಸ್ಕಿಜೋಫ್ರೇನಿಯಾ, ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ನಂಬಿಸುವ ಕಾಯಿಲೆ. ಕಾಯಿಲೆ ಮರುಕಳಿಸುವ ಮುನ್ಸೂಚನೆ ಗುರುತಿಸುವುದನ್ನು ಅವರಿಗೆ ಕಲಿಸಬೇಕು ಅಂತ ನಾನು ಒಂದು ಚಾರ್ಟ್ ತಯಾರು ಮಾಡಿಕೊಂಡು ಹೋಗಿದ್ದೆ. ಅವರು ಚೀಲದಿಂದ ಸುರುಳಿ ಸುತ್ತಿದ ಕ್ಯಾಲೆಂಡರ್ ತೆಗೆದು ಮಂಚದ ಮೇಲೆ ಹರಡಿದರು. ಗುಳಿಗೆ ತಿಂದ ದಿನಕ್ಕೆ ಅಡ್ಡಗೆರೆ. ನಿದ್ದೆ ಮಾಡದ ರಾತ್ರಿಗೆ ಸುತ್ತು. ಒಬ್ಬನೇ ಮಾತಾಡಿದ ದಿನಕ್ಕೆ ಕುಂಕುಮದ ಬೊಟ್ಟು. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಸುತ್ತುಗಳು ಒತ್ತೊತ್ತಾಗಿ ಬಂದ ವಾರದ ನಂತರವೇ ಬೊಟ್ಟುಗಳು ಶುರುವಾಗಿದ್ದವು. "ನಿದ್ದಿ ತಪ್ಪಿತು ಅಂದ್ರ ನಾ ಬಸ್ಸಿಗೆ ರೊಕ್ಕ ಕೂಡಿಸ್ತೀನ್ರಿ" ಅಂದರು. ನಾನು ಚಾರ್ಟ್ ಮಡಚಿಟ್ಟು ಅವರ ಕ್ಯಾಲೆಂಡರ್ ನೋಡುತ್ತಾ ಕೂತೆ. ಆ ತಾಯಿ ಇನ್ನೂ ಮಗನ ಅಂಗವಿಕಲ ಪ್ರಮಾಣಪತ್ರಕ್ಕೆ ಓಡಾಡಿರಲಿಲ್ಲ. ಮಾನಸಿಕ ಕಾಯಿಲೆಗೂ 2016ರ ಕಾಯ್ದೆಯಡಿ ಅದು ಸಿಗುತ್ತದೆ, ಅಂಗವೈಕಲ್ಯ ಶೇ. 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸೌಲಭ್ಯಗಳೂ ಇವೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಅರ್ಜಿಯಿಂದ ಕಾರ್ಡಿನ ತನಕ ಬೆನ್ನು ಹತ್ತಿ ಮಾಡಿಸಿಕೊಟ್ಟವರು ನಮ್ಮ ಸೋಶಿಯಲ್ ವರ್ಕರ್ ಸರ್. ಥ್ಯಾಂಕ್ಸ್ ಸರ್.

ನನ್ನ ಗೈಡ್ ಮೇಡಂ ತಮ್ಮ ಹೆಸರು ಬೇಡ ಅಂದಿದ್ದಾರೆ. ವಾರವಾರವೂ ನನ್ನ ಟಿಪ್ಪಣಿಗಳನ್ನು ಸಾಲು ಸಾಲಾಗಿ ಓದಿ, "ಇಲ್ಲಿ ಅವರು ಸುಮ್ಮನಾದರಲ್ಲ, ಆಗ ಏನಾಯಿತು?" ಅಂತ ಕೇಳುತ್ತಿದ್ದರು. ಅಳುವವರ ಕೈಗೆ ತಕ್ಷಣ ನೀರು ಕೊಡಬೇಡಿ, ಮೊದಲು ಅಳಲಿ, ನೀರು ಕೊಟ್ಟರೆ ಸಾಕು ನಿಲ್ಲಿಸು ಅಂದ ಹಾಗೆ ಕೇಳಿಸುತ್ತದೆ ಅಂತ ಕಲಿಸಿದವರು ಅವರೇ. ಕೇಸ್ ಕಾನ್ಫರೆನ್ಸ್ ತಡವಾದ ದಿನ ಖಾನಾವಳಿ ಅಕ್ಕ ಎರಡು ರೊಟ್ಟಿ, ಪಲ್ಯ ಮುಚ್ಚಿಟ್ಟಿರುತ್ತಿದ್ದರು. ಅಪ್ಪ, ಅಮ್ಮ, "ಹುಚ್ಚರ ಜೊತೆ ಯಾಕಮ್ಮ ಕೆಲಸ" ಅಂತ ಕೇಳಿದ ನೆಂಟರಿಗೆಲ್ಲ ನೀವೇ ಉತ್ತರ ಕೊಟ್ಟಿರಿ, ನನ್ನ ತನಕ ಬರಲು ಬಿಡಲಿಲ್ಲ.

"ವಿದ್ಯಾರ್ಥಿ ಬೇಡ" ಅಂದವರಿಗೂ ಕೃತಜ್ಞತೆ. ತಮ್ಮ ಮಾತು ಯಾರ ಕಿವಿಗೆ ಬೀಳಬೇಕು ಅಂತ ತೀರ್ಮಾನಿಸುವ ಹಕ್ಕು ರೋಗಿಗಿದೆ. ಗೌಪ್ಯತೆಯನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಕೊಟ್ಟಿದೆ. ಬೇಡ ಅಂದವರನ್ನು ನೋಡಿದ ಮೇಲೆ, ಹೂಂ ಅಂದವರು ನನಗೆ ಎಷ್ಟು ಕೊಟ್ಟರು ಅಂತ ಇನ್ನೂ ಚೆನ್ನಾಗಿ ತಿಳಿಯಿತು.

ಮುಂದಿನ ತಿಂಗಳು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಸೇರುತ್ತಿದ್ದೇನೆ. 1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲಿ ನಿಮ್ಹಾನ್ಸ್ ಮಾಡಿ ತೋರಿಸಿದ ಮಾದರಿ ಅದು, 1996ರಲ್ಲಿ ದೇಶದ ಕಾರ್ಯಕ್ರಮವಾಯಿತು. ತಾಲ್ಲೂಕು ಆಸ್ಪತ್ರೆಗಳಿಗೆ ನಾವೇ ಹೋಗುತ್ತೇವೆ. ಹಳ್ಳಿಯವರು ರಾತ್ರಿ ಬಸ್ಸು ಹಿಡಿಯುವುದು ಒಂಚೂರಾದರೂ ಕಡಿಮೆಯಾಗಲಿ ಅಂತ ಈ ಕೆಲಸ ಆರಿಸಿಕೊಂಡೆ. ಅಲ್ಲಿಗೂ ಬರಲು ಆಗದವರು 14416ಕ್ಕೆ ಫೋನ್ ಮಾಡಿ. ಟೆಲಿ ಮನಸ್ ಅಂತ, ಸರ್ಕಾರದ್ದು, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.