ಅತ್ತೆಯವರಿಗೆ, ಈ ತಿಂಗಳುಗಳ ಓದಿನ ಕುರಿತು

ಸಿಂಗಾಪುರ
16 ನವೆಂಬರ್ 2025

ಪೂಜ್ಯ ಅತ್ತೆಯವರಿಗೆ ನಿಮ್ಮ ಸೊಸೆಯ ನಮಸ್ಕಾರಗಳು.

ನಾವೆಲ್ಲರೂ ಇಲ್ಲಿ ಕ್ಷೇಮ. ತೀರ್ಥಹಳ್ಳಿಯಲ್ಲಿ ನೀವೂ ಮಾವನವರೂ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಮನೆಯ ಸುದ್ದಿಯನ್ನೆಲ್ಲ ನಿಮ್ಮ ಮಗ ಫೋನಿನಲ್ಲಿ ಹೇಳುತ್ತಲೇ ಇರುವುದರಿಂದ, ಈ ಪತ್ರವನ್ನು ನೀವು ಕಳೆದ ಸಲ ಕೇಳಿದ ಪ್ರಶ್ನೆಗೇ ಮೀಸಲಿಡುತ್ತೇನೆ: ಕಳಿಸಿದ ಪುಸ್ತಕಗಳನ್ನು ಓದಲು ಪುರುಸೊತ್ತು ಸಿಗುತ್ತಿದೆಯೇ, ಯಾವುದನ್ನು ಓದಿ ಮುಗಿಸಿದೆ ಎಂದು ಕೇಳಿದ್ದಿರಿ.

ಪುರುಸೊತ್ತು ತಾನಾಗಿ ಸಿಗುವುದಿಲ್ಲ, ಅತ್ತೆ. ಆದ್ದರಿಂದ ಪ್ರತಿ ತಿಂಗಳ ಮೊದಲ ಭಾನುವಾರ ಮಕ್ಕಳ ಶಾಲೆಯ ವೇಳಾಪಟ್ಟಿಯನ್ನೂ ನನ್ನ ಆಫೀಸಿನ ಕೆಲಸವನ್ನೂ ಎದುರಿಗಿಟ್ಟುಕೊಂಡು, ಆ ತಿಂಗಳಲ್ಲಿ ಏನನ್ನು ಓದಬಹುದೆಂದು ಗೊತ್ತುಮಾಡಿಕೊಳ್ಳುತ್ತೇನೆ. ಪರೀಕ್ಷೆಯ ತಿಂಗಳಾದರೆ ಸಣ್ಣ ಕಥೆಗಳೇ ಸರಿ, ಏಕೆಂದರೆ ಎಂ.ಆರ್.ಟಿ. ರೈಲಿನಲ್ಲಿ ಆಫೀಸಿಗೆ ಹೋಗಿಬರುವಷ್ಟರಲ್ಲಿ ಒಂದು ಕಥೆ ಪೂರ್ತಿಯಾಗುತ್ತದೆ. ಕಾದಂಬರಿಗೆ ರಾತ್ರಿ ಮಕ್ಕಳು ಮಲಗಿದ ನಂತರದ ಹೊತ್ತು ಬೇಕು.

ಇಲ್ಲಿಯ ಸಾರ್ವಜನಿಕ ಗ್ರಂಥಾಲಯಗಳು ಬಹಳ ಚೆನ್ನಾಗಿವೆ. ಎಷ್ಟೋ ಶಾಖೆಗಳು ಶಾಪಿಂಗ್ ಮಾಲ್‌ಗಳ ಒಳಗೇ ಇರುವುದರಿಂದ ತರಕಾರಿ ತರಲು ಹೋದಾಗಲೇ ಪುಸ್ತಕವನ್ನೂ ಬದಲಾಯಿಸಿಕೊಂಡು ಬರಬಹುದು. ಪುಸ್ತಕವನ್ನು 21 ದಿನಗಳಿಗೆ ಕೊಡುತ್ತಾರೆ. ಆದರೆ ಅವರು ಮುಖ್ಯವಾಗಿ ಇಟ್ಟಿರುವುದು ಈ ದೇಶದ ನಾಲ್ಕು ಅಧಿಕೃತ ಭಾಷೆಗಳಾದ ಇಂಗ್ಲಿಷ್, ಚೀನೀ, ಮಲಯ ಮತ್ತು ತಮಿಳಿನ ಪುಸ್ತಕಗಳನ್ನು. ನನಗೆ ಕನ್ನಡ ಪುಸ್ತಕಗಳು ಬರುವುದು ನಿಮ್ಮ ಪಾರ್ಸೆಲ್ಲಿನಿಂದಲೇ. ಹಿಂತಿರುಗಿಸುವ ಗಡುವಿರುವ ಪುಸ್ತಕವು ಗಡುವಿಲ್ಲದ ಪುಸ್ತಕವನ್ನು ಸದಾ ಹಿಂದಕ್ಕೆ ತಳ್ಳುತ್ತದೆ ಎಂಬುದನ್ನು ಗಮನಿಸಿ, ಈಗ ಪ್ರತಿ ತಿಂಗಳೂ ಕನ್ನಡದ ಪುಸ್ತಕವನ್ನೇ ಮೊದಲು ಗೊತ್ತುಮಾಡಿ, ಅದು ಅರ್ಧವಾದ ಮೇಲಷ್ಟೇ ಗ್ರಂಥಾಲಯದ ಪುಸ್ತಕವನ್ನು ಮನೆಗೆ ತರುತ್ತೇನೆ. ಈ ಒಂದು ಕ್ರಮದಿಂದಲೇ ನನ್ನ ಕನ್ನಡದ ಓದು ಉಳಿದುಕೊಂಡಿದೆ.

ಓದಿ ಮುಗಿಸಿದವುಗಳಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದಿಟ್ಟದ್ದು ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’. ಪ್ರೇಮಾ ಕಾರಂತರ ಸಿನಿಮಾವನ್ನು ನೀವು ನೋಡಿದ್ದೀರೆಂದು ಬಲ್ಲೆ. ನಾನು ಕಾದಂಬರಿಯಿಂದಲೇ ಆ ಕಥೆಗೆ ಬಂದೆ. ಬಾಲ್ಯದಲ್ಲೇ ವಿಧವೆಯಾಗಿ, ತಲೆ ಬೋಳಿಸಿಕೊಂಡು, ತುಂಬಿದ ಮನೆಯೊಂದರಲ್ಲಿ ಎಲ್ಲರ ಬಾಣಂತನ ಮಾಡುತ್ತ ದೀರ್ಘಾಯುಷ್ಯವನ್ನು ಸವೆಸಿದ ಹೆಂಗಸಿನ ಕಥೆಯೆಂದರೆ ಕಣ್ಣೀರಿನ ಕಥೆಯೇ ಇರಬೇಕೆಂದುಕೊಂಡು ತೆರೆದವಳಿಗೆ, ಯಾರ ಮೇಲೂ ಕಹಿಯಿಲ್ಲದ, ಆದರೆ ಎಲ್ಲವನ್ನೂ ಕಣ್ಣುಬಿಟ್ಟು ನೋಡಿದ ಒಬ್ಬ ವಿವೇಕಿ ಎದುರಾದಳು. ಮಡಿಯಲ್ಲೇ ಬದುಕಿದ ಆಕೆ, ಅಸ್ಪೃಶ್ಯರೆಂದು ದೂರ ಇಟ್ಟಿದ್ದವರ ಕೇರಿಯ ಹೆಣ್ಣೊಬ್ಬಳು ಹೆರಿಗೆಯಲ್ಲಿ ಸಂಕಟಪಡುತ್ತಿದ್ದಾಗ ತನ್ನ ಕೈಯಿಂದಲೇ ನೆರವಾಗುವ ಭಾಗವನ್ನು ಎರಡು ಸಲ ಓದಿದೆ. ತಲೆ ಬೋಳಿಸಿಕೊಳ್ಳಲು ಒಪ್ಪದ ತರುಣ ವಿಧವೆ ದಾಕ್ಷಾಯಿಣಿಯ ಪರವಾಗಿ ನಿಲ್ಲುವವಳೂ ಈ ಮುದುಕಿಯೇ. ಬಂಡಾಯದ ದೊಡ್ಡ ಮಾತುಗಳಿಲ್ಲದೆ ಇಷ್ಟನ್ನು ಹೇಳುವ ಕಾದಂಬರಿಗಳು ಕಡಿಮೆ.

ಇಂದಿರಾ ಅವರು ನಿಮ್ಮ ಊರಾದ ತೀರ್ಥಹಳ್ಳಿಯಲ್ಲೇ 1917ರಲ್ಲಿ ಹುಟ್ಟಿದವರು. ಶಾಲೆಯ ಓದು ಮಾಧ್ಯಮಿಕ ಹಂತದಲ್ಲೇ ನಿಂತು, ಎಳೆಯ ವಯಸ್ಸಿನಲ್ಲೇ ಸಂಸಾರ ಹೂಡಿದ ಆಕೆಯ ಮೊದಲ ಕಾದಂಬರಿ ‘ತುಂಗಭದ್ರ’ ಪ್ರಕಟವಾದದ್ದು 1963ರಲ್ಲಿ, ಅಂದರೆ ವಯಸ್ಸು ನಲವತ್ತೈದು ದಾಟಿದ ಮೇಲೆ. ಅಷ್ಟು ವರ್ಷ ಸಂಸಾರದ ನಡುವೆ ಆಕೆ ಕೇಳಿದ್ದು, ನೋಡಿದ್ದು ಯಾವುದೂ ವ್ಯರ್ಥವಾಗಿಲ್ಲವೆಂಬುದು ‘ಫಣಿಯಮ್ಮ’ನ ಪ್ರತಿ ಪುಟದಲ್ಲೂ ಕಾಣುತ್ತದೆ.

ಅದರ ಹಿಂದಿನ ತಿಂಗಳು ತ್ರಿವೇಣಿಯವರ ‘ಶರಪಂಜರ’. ಬಾಣಂತಿಯಾಗಿದ್ದಾಗ ಮನಸ್ಸಿನ ಕಾಯಿಲೆಗೆ ತುತ್ತಾದ ಕಾವೇರಿ ಆಸ್ಪತ್ರೆಯಲ್ಲಿ ಗುಣವಾಗಿ ಬರುತ್ತಾಳೆ. ಗುಣವಾದವಳನ್ನು ನಂಬಲು ಗಂಡನಿಗೂ ನೆರೆಹೊರೆಗೂ ಆಗುವುದಿಲ್ಲ. ಚಿಕ್ಕವಳು ಹುಟ್ಟಿದಾಗ ನೀವು ಇಲ್ಲಿಗೆ ಬಂದು, ನನ್ನ ನಿದ್ರೆಯನ್ನೂ ನನ್ನ ಮನಸ್ಸನ್ನೂ ಕಾಪಾಡಿದ್ದು ಓದುವಾಗಲೆಲ್ಲ ನೆನಪಿಗೆ ಬಂದು, ನಿಮಗೆ ಆಗ ಹೇಳದ ಕೃತಜ್ಞತೆಯನ್ನು ಈ ಪತ್ರದಲ್ಲಿ ಹೇಳಬೇಕೆನಿಸಿತು. ಮನಃಶಾಸ್ತ್ರ ಓದಿದ್ದ ತ್ರಿವೇಣಿಯವರು ಸ್ವತಃ ಹೆರಿಗೆಯಾದ ಕೆಲವೇ ದಿನಗಳಲ್ಲಿ, 1963ರಲ್ಲಿ ತೀರಿಕೊಂಡರು ಎಂಬುದನ್ನು ತಿಳಿದವರಿಗೆ ಈ ಪುಸ್ತಕ ಇನ್ನಷ್ಟು ಭಾರವಾಗುತ್ತದೆ.

ರೈಲಿನ ಓದಿಗೆ ಬಾನು ಮುಷ್ತಾಕ್ ಅವರ ಕಥೆಗಳಿದ್ದವು. ಕಳೆದ ಮೇ ತಿಂಗಳಲ್ಲಿ ಅವರಿಗೂ ಅನುವಾದಕಿ ದೀಪಾ ಭಾಸ್ತಿಯವರಿಗೂ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಇಲ್ಲಿಯ ಕನ್ನಡಿಗರಿಗೆಲ್ಲ ಹೆಮ್ಮೆಯಾಯಿತು. ‘ಎದೆಯ ಹಣತೆ’ಯಲ್ಲಿ, ತವರೂ ಕೈಬಿಟ್ಟ ಮೆಹರುನ್ ಸಾಯಲು ಹೊರಟಾಗ ಅವಳನ್ನು ತಡೆಯುವವಳು ಅವಳ ಮಗಳು. ಆ ಕಥೆಯನ್ನು ಮಾತ್ರ ರೈಲಿನಲ್ಲಿ ಓದಬಾರದು.

ಮಕ್ಕಳಿಗೆ ರಾತ್ರಿ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಗಟ್ಟಿಯಾಗಿ ಓದುತ್ತಿದ್ದೇನೆ, ಇಲಿಗಳ ಭಾಗ ಇಬ್ಬರಿಗೂ ಬಾಯಿಪಾಠವಾಗಿದೆ.

ಇನ್ನು ಮುಂದಿನ ತಿಂಗಳ ವಿಷಯ. ಇಲ್ಲಿ ಶಾಲಾ ವರ್ಷವು ಜನವರಿಯಲ್ಲಿ ಆರಂಭವಾಗುವುದರಿಂದ ಡಿಸೆಂಬರ್ ಪೂರ್ತಿ ರಜೆಯಿರುತ್ತದೆ, ಹೋಮ್‌ವರ್ಕಿನ ಒತ್ತಡವಿರುವುದಿಲ್ಲ. ಅದಕ್ಕೆಂದೇ, ನಿಮ್ಮ ತೀರ್ಥಹಳ್ಳಿಯ ಸೀಮೆಯಲ್ಲೇ ನಡೆಯುವ, ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ತೆಗೆದಿಟ್ಟಿದ್ದೇನೆ. ಅಷ್ಟು ದೊಡ್ಡ ಗ್ರಂಥವನ್ನು ವಾರಕ್ಕೊಮ್ಮೆ ನಾಲ್ಕು ಪುಟ ಓದಿದರೆ ಸಿಂಬಾವಿ, ಕೋಣೂರು, ಬೆಟ್ಟಳ್ಳಿ, ಹಳೆಮನೆಗಳಲ್ಲಿ ಯಾರು ಯಾರಿಗೆ ಏನಾಗಬೇಕೆಂಬುದು ಮರೆತುಹೋಗುತ್ತದೆ. ಅದನ್ನು ದಿನವೂ ಬಿಡದೆ ಓದಬೇಕು. ಹೆಸರುಗಳನ್ನು ಮನೆವಾರು ಬರೆದುಕೊಳ್ಳಲು ಒಂದು ನೋಟ್‌ಬುಕ್ಕನ್ನೂ ಇಟ್ಟುಕೊಂಡಿದ್ದೇನೆ. ನೀವೂ ಮತ್ತೊಮ್ಮೆ ಜೊತೆಯಲ್ಲೇ ಓದುವುದಾದರೆ, ಭಾನುವಾರದ ಫೋನಿನಲ್ಲಿ ಆ ಕಾಡು, ಆ ಗುಡ್ಡ, ಆ ದಾರಿಗಳು ಈಗ ಹೇಗಿವೆಯೆಂದು ನಿಮ್ಮಿಂದ ಕೇಳಿಕೊಳ್ಳುವ ಆಸೆಯಿದೆ.

ಜನವರಿಗೆ ಏನನ್ನು ಓದಬೇಕೆಂಬುದನ್ನು ನೀವೇ ಆರಿಸಿ. ಶಾಲೆ ಮತ್ತೆ ಆರಂಭವಾಗುವ ತಿಂಗಳಾದ್ದರಿಂದ ಸಣ್ಣ ಕಥೆಗಳಾದರೆ ಅನುಕೂಲ. ವೈದೇಹಿಯವರ ‘ಕ್ರೌಂಚ ಪಕ್ಷಿಗಳು’ ನಿಮ್ಮ ಕಪಾಟಿನಲ್ಲಿದ್ದರೆ, ಸಂಕ್ರಾಂತಿಗೆ ಊರಿಗೆ ಬರುವ ನಿಮ್ಮ ಮಗನ ಕೈಯಲ್ಲಿ ದಯವಿಟ್ಟು ಕಳಿಸಿಕೊಡಿ.

ಮಾವನವರಿಗೆ ನನ್ನ ನಮಸ್ಕಾರಗಳನ್ನು ತಿಳಿಸಿ.

ಇಂತಿ,
ನಿಮ್ಮ ಸೊಸೆ