ಕನಸಿನ ಫಲ ಸಾಕು, ಕನಸಿನಿಂದ ಏಳುವುದು ಹೇಗೆ ಅಂತ ಬರೆಯಿರಿ

ಮಾನ್ಯ ಸಂಪಾದಕರೇ,

ನಿಮ್ಮ ವಾರದ ಪುರವಣಿಯ ಕನಸಿನ ಫಲದ ಅಂಕಣವನ್ನು ನಮ್ಮ ಮನೆಯಲ್ಲಿ ಎಲ್ಲರೂ ಓದುತ್ತೇವೆ. ತಿಳಿನೀರು ಕಂಡರೆ ಧನಲಾಭ ಅಂತ ಮೊನ್ನೆ ಬರೆದಿದ್ದಿರಿ. ಆ ಲೆಕ್ಕಕ್ಕೆ ನಾನು ಇಷ್ಟೊತ್ತಿಗೆ ಒಂದು ರೈಸ್ ಮಿಲ್ ಕೊಂಡಿರಬೇಕಿತ್ತು. ಗಂಗಾವತಿಯ ಮಿಲ್ಲೊಂದರಲ್ಲಿ ಇನ್ನೂ ಖಾತೆ ಬರೆಯುತ್ತಲೇ ಇದ್ದೇನೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಂನ 19ನೇ ಗೇಟಿನ ಚೈನು ಕಡಿದು ಗೇಟು ಕೊಚ್ಚಿಹೋಯಿತಲ್ಲ, ನಮ್ಮೂರು ಅದೇ ಹೊಳೆಯ ದಂಡೆಯಲ್ಲಿದೆ. ನಿಜ ಹೇಳಬೇಕೆಂದರೆ ನಮಗೇನೂ ಆಗಲಿಲ್ಲ. ಅಂಗಳಕ್ಕೂ ನೀರು ಬರಲಿಲ್ಲ. ವಾರದೊಳಗೆ ಹರಿಯುವ ನೀರಲ್ಲೇ ಗೇಟಿನ ಜಾಗಕ್ಕೆ ತಾತ್ಕಾಲಿಕ ಉಕ್ಕಿನ ಅಡ್ಡತಡೆ, ಅಂದರೆ ಸ್ಟಾಪ್‌ಲಾಗ್ ಇಳಿಸಿ ತಡೆದರು. ಆದರೆ ಆ ರಾತ್ರಿ ಫೋನಿನ ಮೇಲೆ ಫೋನು, ಒಬ್ಬ "ಡ್ಯಾಂ ಒಡದೈತಂತ" ಅಂದರೆ ಇನ್ನೊಬ್ಬ "ದನ ಬಿಚ್ಚಿ ಬಿಡ್ರಿ" ಅನ್ನುತ್ತಿದ್ದ, ಅದು ತಲೆಯಲ್ಲಿ ಕೂತುಬಿಟ್ಟಿತು.

ಆಮೇಲೆ ಶುರುವಾಯಿತು ಕನಸು. ಕಂಪ್ಲಿ ಸೇತುವೆ ಮೇಲೆ ನಿಂತಿರುತ್ತೇನೆ. ನೀರು ಏರುತ್ತದೆ. ಕಾಲು ಕಿತ್ತಿಡಲು ಆಗುವುದಿಲ್ಲ, ಕೂಗಿದರೆ ದನಿ ಹೊರಡುವುದಿಲ್ಲ. ವಾರಕ್ಕೆ ಮೂರು ನಾಲ್ಕು ಸಲ, ಹೆಚ್ಚಾಗಿ ಬೆಳಗಿನ ಜಾವ. "ಏನ್ ಬಡಬಡಿಸಾಕತ್ತೀರಿ, ಏಳ್ರಿ" ಅಂತ ಹೆಂಡತಿ ತಿವಿದರೇ ಎಚ್ಚರ. ಅವಳು ತವರಿಗೆ ಹೋದ ವಾರ ತಿವಿಯುವವರೂ ಇಲ್ಲ. ಅವ್ವ ದಿಂಬಿನ ಕೆಳಗೆ ಕುಡುಗೋಲು ಇಟ್ಟಳು. ಅದು ಕುತ್ತಿಗೆಗೆ ತಾಗೀತು ಅನ್ನೋ ಹೆದರಿಕೆಗೆ ಮೊದಲೆರಡು ರಾತ್ರಿ ನಿದ್ದೆಯೇ ಬರಲಿಲ್ಲ, ಕನಸಂತೂ ಬೀಳಲೇ ಇಲ್ಲ!

ದಾರಿ ತೋರಿಸಿದವಳು ನರ್ಸಿಂಗ್ ಓದುವ ತಂಗಿಯ ಮಗಳು. "ಮಾಮಾ, ಕನಸಿನ್ಯಾಗ ಏನರ ಒಂದು ತಪ್ಪು ಇದ್ದೇ ಇರ್ತೈತಿ, ಅದನ್ನ ಹಿಡೀರಿ" ಅಂದಳು. ಕೂತು ಯೋಚಿಸಿದೆ. ಹೊಳೆ ತುಂಬಿದಾಗ ನೀರು ಕೆಂಪಗೆ, ರಾಡಿ, ಹತ್ತಿರ ಹೋದರೆ ಒಬ್ಬರ ಮಾತು ಒಬ್ಬರಿಗೆ ಕೇಳದಷ್ಟು ಸದ್ದು. ನನ್ನ ಕನಸಿನ ನೀರು ತಳದ ಹರಳು ಕಾಣುವಷ್ಟು ತಿಳಿ, ಸದ್ದೇ ಇಲ್ಲ. ನಿಮ್ಮ ಅಂಕಣದ ಧನಲಾಭದ ನೀರು ಅದೇ ನೋಡಿ. ಹೊಳೆ ದಂಡೆಯಲ್ಲಿ ಹುಟ್ಟಿ ಬೆಳೆದವನಿಗೆ ಇದು ಗೊತ್ತಾಗಬೇಕಿತ್ತು, ಅಲ್ವಾ?

ಇನ್ನೊಂದು ಅಭ್ಯಾಸವನ್ನೂ ಅವಳೇ ಹೇಳಿಕೊಟ್ಟಳು. ಬರಹ, ಅಂಕಿ ಇವೆಲ್ಲ ಕನಸಲ್ಲಿ ಒಂದೇ ಥರ ನಿಲ್ಲುವುದು ಕಡಿಮೆ. ಅದಕ್ಕೆ ಹಗಲಲ್ಲಿ ಖಾತೆ ಬರೆಯುವಾಗ ಒಂದು ಮೊತ್ತ ನೋಡುವುದು, ತಲೆ ಎತ್ತುವುದು, ಮತ್ತೆ ಅದೇ ಮೊತ್ತ ನೋಡುವುದು, "ಇದು ಕನಸಾ?" ಅಂತ ಕೇಳಿಕೊಳ್ಳುವುದು. ಮಾಲೀಕರಿಗೆ ನಾನು ತುಂಬ ನಿಗಾ ಇಟ್ಟು ಕೆಲಸ ಮಾಡುವವನ ಥರ ಕಂಡಿರಬೇಕು. ಸುಮಾರು ಇಪ್ಪತ್ತು ದಿನ ಹೀಗೆ ಮಾಡಿದ ಮೇಲೆ ಒಂದು ಬೆಳಗಿನ ಜಾವ ಸೇತುವೆಯ ಕಂಬದ ಮೇಲಿದ್ದ ಅಂಕಿ ನೋಡಿದೆ, 42. ಮತ್ತೆ ನೋಡಿದೆ, 917. ಓ, ಇದು ಕನಸು ಅಂತ ಹೊಳೆಯಿತು.

ಹೊಳೆದ ಮೇಲೆ ಕೂಗಬಾರದು, ಓಡಲೂ ಹೋಗಬಾರದು. ಅದಕ್ಕೆ ಕಾರಣ ಇದೆ. ಕಣ್ಣಾಲಿಗಳು ಪಟಪಟ ಹೊರಳುವ ನಿದ್ದೆಯಲ್ಲಿ ಕನಸು ಜೋರಾಗಿರುತ್ತದೆ, ಆಗ ಮೆದುಳು ಕೈಕಾಲುಗಳನ್ನು ಅಲ್ಲಾಡದಂತೆ ಕಟ್ಟಿಹಾಕಿರುತ್ತದೆ. ಕಣ್ಣಿಗೆ, ಉಸಿರಿಗೆ ಆ ಕಟ್ಟು ಇಲ್ಲ. ಈ ನಿದ್ದೆಯ ಬಗ್ಗೆ ಷಿಕಾಗೋದ ಅಸೆರಿನ್‌ಸ್ಕಿ, ಕ್ಲೈಟ್‌ಮನ್ ಅನ್ನುವವರು ಬರೆದಿದ್ದು 1953ರಲ್ಲಿ, ನಮ್ಮ ಡ್ಯಾಂ ಕಟ್ಟಿ ಮುಗಿದ ವರ್ಷವೇ! 1975ರಲ್ಲಿ ಇಂಗ್ಲೆಂಡಿನಲ್ಲಿ ಕೀತ್ ಹರ್ನ್ ಅನ್ನುವವರ ಪ್ರಯೋಗದಲ್ಲಿ ಒಬ್ಬ ಮನುಷ್ಯ ಕನಸಿನ ಒಳಗಿನಿಂದಲೇ ಕಣ್ಣು ಹೊರಳಿಸಿ ಸನ್ನೆ ಕೊಟ್ಟಿದ್ದನಂತೆ. ನಾನೂ ಕಣ್ಣನ್ನೇ ಹಿಡಿದೆ. ಕನಸಲ್ಲೇ ರೆಪ್ಪೆ ಬಿಗಿಯಾಗಿ ಮುಚ್ಚಿ ತಟ್ಟನೆ ತೆರೆದೆ, ಎರಡು ಮೂರು ಸಲ. ಮನೆಯ ಜಂತಿ ಕಂಡಿತು.

ಇಲ್ಲೊಂದು ಮೋಸ ಇದೆ. ಒಮ್ಮೆ ಹೀಗೇ ಎದ್ದು ಕೂತೆ, ಹೆಂಡತಿ ಚಹಾ ತಂದಳು, ಲೋಟದಲ್ಲಿ ನೋಡಿದರೆ ಅದೇ ತಿಳಿನೀರು. ಎದ್ದಿದ್ದೂ ಕನಸೇ! ಅದಕ್ಕೆ ಈಗ ಎದ್ದ ಕೂಡಲೇ ಗೋಡೆ ಗಡಿಯಾರವನ್ನು ಎರಡು ಸಲ ನೋಡುತ್ತೇನೆ, ಕಾಲನ್ನು ತಣ್ಣನೆ ನೆಲಕ್ಕೆ ಊರುತ್ತೇನೆ, ಬಚ್ಚಲಿಗೆ ಹೋಗಿ ಮುಖ ತೊಳೆಯುತ್ತೇನೆ. ಹಾಗೇ ಮಗ್ಗುಲು ಬದಲಿಸಿ ಮಲಗಿದರೆ ಕನಸು ಬಿಟ್ಟಲ್ಲಿಂದಲೇ ಶುರು.

ಹಗಲಲ್ಲಿ ಮಾಡುವ ಕೆಲಸವೂ ಒಂದಿದೆ, ನನಗೆ ಜಾಸ್ತಿ ಉಪಯೋಗ ಆಗಿದ್ದು ಅದೇ. ಕನಸನ್ನು ಬರೆದು, ಕೊನೆಯನ್ನು ನಮಗೆ ಬೇಕಾದಂತೆ ತಿದ್ದಿ, ದಿನಾ ಹತ್ತು ನಿಮಿಷ ಕಣ್ಣು ಮುಚ್ಚಿ ಆ ಹೊಸ ಕನಸನ್ನೇ ನೆನೆಯುವುದು. ಅಮೆರಿಕದ ವೈದ್ಯ ಬ್ಯಾರಿ ಕ್ರಾಕೋ 2001ರಲ್ಲಿ ಇದರ ಫಲ ತೋರಿಸಿ ಬರೆದಿದ್ದಾರೆ. ನನ್ನ ಖಾತೆ ಪುಸ್ತಕದ ಕೊನೆಯ ಹಾಳೆಯಲ್ಲಿ ಈಗ ನೀರು ಏರುತ್ತಿದ್ದ ಹಾಗೇ ಆನೆಗೊಂದಿ ಕಡೆಯಿಂದ ಒಂದು ಹರಿಗೋಲು ಗಿರಗಿರ ತಿರುಗುತ್ತಾ ಬರುತ್ತದೆ. ಅಂಬಿಗ "ಎಲ್ಲಿಗ್ರಿ ಸಾವ್ಕಾರ?" ಅನ್ನುತ್ತಾನೆ. ನಾವಿಬ್ಬರೂ ಬಾಡಿಗೆಗೆ ಚೌಕಾಸಿ ಮಾಡುತ್ತೇವೆ.

ಎಲ್ಲದಕ್ಕೂ ಇದೊಂದೇ ಮದ್ದು ಅಂತಲ್ಲ. ಮಲಗಿದ ಒಂದೆರಡು ತಾಸಿಗೆ ಚಿಟ್ಟನೆ ಚೀರಿ ಎದ್ದು, ಕಣ್ಣು ಬಿಟ್ಟಿದ್ದರೂ ಅವ್ವನನ್ನೇ ಗುರುತಿಸದ ಮಕ್ಕಳಿರುತ್ತಾರಲ್ಲ, ಅದು ಬೇರೆ, ಅಂಥವರನ್ನು ಅಲ್ಲಾಡಿಸಿ ಎಬ್ಬಿಸಬಾರದಂತೆ. ಕೆಲವು ಬಿಪಿ ಮಾತ್ರೆಗಳಿಂದಲೂ ಕೆಟ್ಟ ಕನಸು ಬೀಳಬಹುದು, ಹಾಗಂತ ತಾವೇ ಮಾತ್ರೆ ಬಿಡದೆ ಡಾಕ್ಟರನ್ನು ಕೇಳಬೇಕು. ಕಂಡ ಸಾವು, ಪೆಟ್ಟು ಕನಸಾಗಿ ಕಾಡುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿಗಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಹಾವು ಕಂಡರೆ ಏನು, ಹಲ್ಲು ಬಿದ್ದರೆ ಏನು ಅಂತ ಬರೆಯುವ ಆ ಅರ್ಧ ಪುಟದಲ್ಲಿ ಇವೆಲ್ಲ ಹಿಡಿಯುತ್ತವೆ. ತಿಂಗಳಿಗೊಮ್ಮೆಯಾದರೂ ಒಬ್ಬ ಮನೋವೈದ್ಯರಿಂದ ಬರೆಸಿ. ಅವ್ವನಿಗೆ ನಾನು ಹೇಳಿದರೆ ನಂಬುವುದಿಲ್ಲ, ಪೇಪರಿನಲ್ಲಿ ಬಂದರೆ ಕುಡುಗೋಲು ತೆಗೆಯುತ್ತಾಳೆ.

ಇಂತಿ ನಿಮ್ಮ ಓದುಗ,
ಗಂಗಾವತಿ ತಾಲ್ಲೂಕು, ಕೊಪ್ಪಳ ಜಿಲ್ಲೆ