ಮಧ್ಯಾಹ್ನ ಎಲ್ಲಿ ಕಟ್ಟುತ್ತೀರಿ?

ಬಳ್ಳಾರಿ
ಬುಧವಾರ ರಾತ್ರಿ

ಚಿ. ಅಂಬಿಕಾಳಿಗೆ ಅಪ್ಪನ ಆಶೀರ್ವಾದ.

ಫೋನ್ ಬಿಟ್ಟು ಕಾಗದ ಬರೆದಿದ್ದಾನೆಂದು ಗಾಬರಿಯಾಗಬೇಡ. ಇಲ್ಲಿ ಎಲ್ಲರೂ ಆರಾಮಾಗಿದ್ದೇವೆ. ಫೋನಿನಲ್ಲಿ ಮಾತಿಗೆ ಕುಳಿತರೆ ನಮ್ಮಿಬ್ಬರದು ಜಗಳಕ್ಕೇ ಹೋಗುತ್ತದೆ. ಇಷ್ಟು ವರ್ಷ ಹೊಲಿಗೆ ಯಂತ್ರಗಳ ಸದ್ದಿನಲ್ಲಿ ಕೂಗಿ ಕೂಗಿ ನನಗೆ ಮೆಲ್ಲಗೆ ಮಾತನಾಡುವುದೇ ಮರೆತುಹೋಗಿದೆ.

ಭಾನುವಾರ ನಿನ್ನ ನಾಯಿಗಳ ಆಶ್ರಯ ತಾಣದಲ್ಲಿ ಆದದ್ದನ್ನು ಮತ್ತೆ ಬರೆಯುವುದಿಲ್ಲ. ಹತ್ತು ಜನರ ಎದುರು ನೀನು ಅಂದದ್ದು ನನಗೆ ನೆನಪಿದೆ, ನಾನು ಅಂದದ್ದು ನಿನಗೆ ನೆನಪಿದೆ. ನಿನಗೆ ಗೊತ್ತಿಲ್ಲದಿರುವುದು ನಾವು ವಾಪಸು ಬಂದ ದಾರಿ. ಮಾನ್ವಿ ದಾಟಿತು, ಸಿಂಧನೂರು ದಾಟಿತು, ಸಾಹುಕಾರರು ತುಟಿ ಬಿಚ್ಚಲಿಲ್ಲ. ಸಿರುಗುಪ್ಪದಲ್ಲಿ ಕಾರು ನಿಲ್ಲಿಸಿ ತಾವು ಚಹಾ ಕುಡಿದರು, ಡ್ರೈವರನಿಗೂ ಕೊಡಿಸಿದರು, ನನ್ನನ್ನು ಕೇಳಲಿಲ್ಲ. ನಾಯಿಮರಿ ಕೂರಿಸಲೆಂದು ಒಯ್ದಿದ್ದ ರಟ್ಟಿನ ಪೆಟ್ಟಿಗೆ ನನ್ನ ತೊಡೆಯ ಮೇಲೇ ಇತ್ತು. ಖಾಲಿ ಪೆಟ್ಟಿಗೆಯನ್ನು ಬಳ್ಳಾರಿಯವರೆಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದೆ. ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಅವರ ಹತ್ತಿರ ಹದಿನೆಂಟು ವರ್ಷದಿಂದ ಕಟಿಂಗ್ ಮಾಸ್ಟರ್ ಆಗಿದ್ದೇನೆ. "ನನ್ನ ಮಗಳೇ ಇದ್ದಾಳೆ, ನಿಮಗೆ ಬೇಕಾದ ಮರಿ ಆರಿಸಿಕೊಳ್ಳಿ" ಎಂದು ಎಂಟು ದಿನ ಮೊದಲೇ ಮಾತು ಕೊಟ್ಟಿದ್ದೆ. ಮಾತು ಕೊಡುವ ಮೊದಲು ನಿನ್ನನ್ನು ಕೇಳಬೇಕಿತ್ತು, ಅದು ನನ್ನ ತಪ್ಪು. ಆದರೆ ಅಷ್ಟು ಹಿರಿಯರನ್ನು ಪರೀಕ್ಷೆಗೆ ಕೂತ ಹುಡುಗನ ಹಾಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಪ್ರಶ್ನೆ ಕೇಳಬೇಕಿತ್ತೇ? ಅವರು "ಲ್ಯಾಬ್ರಡಾರ್ ಇಲ್ಲವೇ, ಬರೀ ಬೀದಿ ನಾಯಿಗಳೇ" ಎಂದದ್ದು ನಿನಗೆ ಹಿಡಿಸಲಿಲ್ಲ, ನೋಡಿದೆ. "ಗೋದಾಮು ಕಾಯುವುದಕ್ಕೆ ಬೇಕು" ಎಂದಾಗ "ಅದಕ್ಕೆ ಬೀಗ ಸಾಕಲ್ಲ" ಎಂದೆಯಲ್ಲ, ಅದೊಂದು ಮಾತು ಹೆಚ್ಚಾಯಿತು. (ಡ್ರೈವರ್ ನಕ್ಕ. ಅವನು ನಗದಿದ್ದರೆ ಸಿರುಗುಪ್ಪದಲ್ಲಿ ನನಗೂ ಚಹಾ ಸಿಗುತ್ತಿತ್ತೇನೋ.)

ಮನೆಯಲ್ಲಿ ಯಾರ್‍ಯಾರಿದ್ದೀರಿ, ಲಸಿಕೆಗೆ ಯಾರು ಕರೆದೊಯ್ಯುತ್ತೀರಿ, ಸಂತಾನಹರಣ ಶಸ್ತ್ರಚಿಕಿತ್ಸೆಗೆ ಒಪ್ಪುತ್ತೀರಾ ಎಂದೆಲ್ಲ ನೀನು ಕೇಳಿದೆ. ಎಲ್ಲದಕ್ಕೂ ಅವರು ಹೂಂ ಅಂದರು. ಆಮೇಲೆ ಕೇಳಿದೆ: "ಮಧ್ಯಾಹ್ನ ಎಲ್ಲಿ ಕಟ್ಟುತ್ತೀರಿ?"

ಅವರು ಹೇಳಿದರು: "ಮಾಳಿಗೆಯ ಮೇಲೆ. ನೀರಿನ ಟ್ಯಾಂಕಿನ ನೆರಳಿದೆ."

ನೀನು ಪುಸ್ತಕ ಮುಚ್ಚಿದೆ. ಆಗಲೇ ನಾನು ನಿನ್ನ ಮೇಲೆ ರೇಗಿದ್ದು. ಮರ್ಯಾದೆ ಹೋಯಿತೆಂದು ರೇಗಿದೆ ಎಂದು ಎಲ್ಲರೂ ತಿಳಿದರು, ನೀನೂ ಹಾಗೇ ತಿಳಿದಿರಬೇಕು. ನನಗೆ ಆ ಹೊತ್ತಿನಲ್ಲಿ ಹೆದರಿಕೆಯಾಗಿತ್ತು. ನಿನಗೆ ಗೊತ್ತಾಗಿದೆ, ಗೊತ್ತಿದ್ದೇ ನನ್ನೆದುರು ಈ ಪ್ರಶ್ನೆ ಕೇಳುತ್ತಿದ್ದೀಯೆ ಎಂದುಕೊಂಡೆ. ಸಿಂಧನೂರು ಬರುವ ಹೊತ್ತಿಗೆ ಲೆಕ್ಕ ಹಾಕಿದೆ: ನಿನಗೆ ಗೊತ್ತಿರಲು ಸಾಧ್ಯವಿಲ್ಲ. ಯಾರಿಗೂ ಗೊತ್ತಿಲ್ಲ.

ಜಿಪ್ಪು ಓಡಿಹೋಗಿರಲಿಲ್ಲ, ಅಂಬಿಕಾ.

2013ರ ಮೇ ತಿಂಗಳು. ನೀನೂ ನಿನ್ನ ಅವ್ವನೂ ಮದುವೆಗೆಂದು ಕೊಪ್ಪಳದ ಅಜ್ಜಿಯ ಮನೆಗೆ ಹೋಗಿದ್ದಿರಿ. ಜಿಪ್ಪು ಓಣಿಯಲ್ಲಿ ಯಾರದೋ ಚಪ್ಪಲಿ ಕಚ್ಚಿಕೊಂಡು ಹೋಗಿ ಬೈಗುಳ ತಂದಿತ್ತು, ಅದಕ್ಕೇ ಬೆಳಿಗ್ಗೆ ಒಯ್ದು ಮಾಳಿಗೆಯ ಮೇಲೆ ಟ್ಯಾಂಕಿನ ಮಗ್ಗುಲಿಗೆ ಕಟ್ಟಿದೆ. ಎಂಟು ಗಂಟೆಗೆ ಅಲ್ಲಿ ಒಳ್ಳೆಯ ನೆರಳಿತ್ತು. ದೊಡ್ಡ ಸ್ಟೀಲ್ ಬೋಗುಣಿ ತುಂಬ ನೀರಿಟ್ಟೆ. ಅದೇನೂ ಕಡಿಮೆ ಮಾಡಲಿಲ್ಲ. ಅಂದು ತುರ್ತಿನ ಆರ್ಡರ್ ಇತ್ತು, ಮಧ್ಯಾಹ್ನ ಊಟಕ್ಕೂ ಬರಲಿಲ್ಲ. ಡೆನಿಮ್ ಹಾಸುವಾಗ ಅರ್ಧ ಇಂಚು ಜರುಗಿದರೆ ಕಣ್ಣಿಗೆ ಬೀಳುತ್ತದೆ ನನಗೆ. ಟ್ಯಾಂಕಿನ ನೆರಳು ಜರುಗುತ್ತದೆ ಎನ್ನುವುದು ಹೊಳೆಯಲಿಲ್ಲ.

ಮೂರೂವರೆಗೆ ಬಂದು ಮೆಟ್ಟಿಲು ಹತ್ತಿದೆ. ಬರಿಗಾಲಿನಲ್ಲಿದ್ದೆ, ಮೇಲೆ ಕಾಲಿಟ್ಟವನೇ ಹಿಂದಕ್ಕೆ ತೆಗೆದೆ. ನೆರಳು ಆಚೆ ಗೋಡೆಯ ಹತ್ತಿರ ಇತ್ತು. ಸರಪಳಿ ಅಲ್ಲಿಯವರೆಗೆ ಹೋಗುತ್ತಿರಲಿಲ್ಲ. ಒಂದು ಮೊಳ ಕಡಿಮೆಯಿತ್ತು. ಆ ಒಂದು ಮೊಳಕ್ಕಾಗಿ ಅದು ಎಷ್ಟು ಎಳೆದಿತ್ತೆಂದರೆ ಕೊರಳಪಟ್ಟಿಯ ಕೆಳಗೆ ಕೂದಲು ಕಿತ್ತುಹೋಗಿತ್ತು. ಬೋಗುಣಿ ಮಗುಚಿ ಬಿದ್ದಿತ್ತು. ಬಾಯಿಂದ ಜೊಲ್ಲು ಹಗ್ಗದಂತೆ ಇಳಿಯುತ್ತಿತ್ತು, ನಾಲಗೆ ಕಪ್ಪು ಕೆಂಪಾಗಿತ್ತು. ನನ್ನನ್ನು ನೋಡಿ ಏಳಲು ಹೋಯಿತು, ಹಿಂಗಾಲು ನಿಲ್ಲಲಿಲ್ಲ. ಆದರೂ ಬಾಲ ಅಲ್ಲಾಡಿಸಿತು. ಇದನ್ನು ಬರೆಯದಿದ್ದರೂ ಆಗುತ್ತಿತ್ತು.

ಕೆಳಗೆ ತಂದೆ. ಮೂಲೆಯಲ್ಲಿದ್ದ ದಪ್ಪ ಡೆನಿಮ್ ತುಂಡನ್ನು ನೀರಿನಲ್ಲಿ ಅದ್ದಿ ಮೈಗೆಲ್ಲ ಸುತ್ತಿದೆ, ತಂಪಾಗಲಿ ಎಂದು. ಬಾಯಿ ತೆರೆಸಿ ನೀರು ಸುರಿದೆ. ಪಶು ಆಸ್ಪತ್ರೆಗೆ ಒಯ್ಯಬೇಕೆಂದು ತೋಚುವ ಹೊತ್ತಿಗೆ ಸಂಜೆಯಾಗಿತ್ತು, ಅಷ್ಟರಲ್ಲಿ ಮುಗಿದಿತ್ತು. ರಾತ್ರಿ ಅದೇ ಬಟ್ಟೆಯಲ್ಲಿ ಕಟ್ಟಿ ಸೈಕಲ್ ಮೇಲೆ ಒಯ್ದು ಗುಡ್ಡದ ಬಂಡೆಗಳ ಬುಡದಲ್ಲಿ ಹೂಳಿದೆ.

ನೀವು ಬಂದ ದಿನ "ಸರಪಳಿ ಬಿಡಿಸಿಕೊಂಡು ಓಡಿಹೋಯಿತು" ಎಂದೆ. ಅಲ್ಲಿಗೆ ನಿಂತಿದ್ದರೆ ಒಂದು ಸುಳ್ಳು ಆಗುತ್ತಿತ್ತು. ನೀನು ನೋಟ್‌ಬುಕ್ಕಿನ ಹಾಳೆ ಹರಿದು ಹನ್ನೆರಡು ಚೀಟಿ ಬರೆದೆ, ಜಿಪ್ಪುವಿನ ಚಿತ್ರ ಬಿಡಿಸಿದೆ, ಕಿವಿ ಮಾತ್ರ ಮೊಲದ ಕಿವಿಯಂತಿತ್ತು. ಗೋಂದು ಹಚ್ಚಿಕೊಟ್ಟವನು ನಾನೇ. ಕೌಲ್ ಬಜಾರಿನ ಓಣಿ ಓಣಿ ನಿನ್ನ ಕೈ ಹಿಡಿದುಕೊಂಡು ತಿರುಗಿದೆ. ನೀನು "ಜಿಪ್ಪೂ" ಎಂದು ಕೂಗುತ್ತಿದ್ದೆ. ನಿನ್ನ ದನಿ ಸಣ್ಣದು, ದೂರಕ್ಕೆ ಕೇಳುವುದಿಲ್ಲವೆಂದು "ಅಪ್ಪಾ, ನೀನು ಕೂಗು" ಎಂದೆ. ನಾನೂ ಕೂಗಿದೆ. ನನ್ನ ದನಿ ನಿನಗೆ ಗೊತ್ತಲ್ಲ, ಮೂರು ಓಣಿಗೆ ಕೇಳುತ್ತದೆ. ನಾಯಿಯನ್ನು ಹೂತು ಬಂದವನು ಅದರ ಹೆಸರು ಹಿಡಿದು ಬೀದಿಯಲ್ಲಿ ಕೂಗಿದೆ. ಮೂರು ದಿನ ಹಾಗೆ ತಿರುಗಿದೆವು. ನಾಲ್ಕನೆಯ ದಿನ ನೀನು, "ಅದಕ್ಕೆ ಬೇರೆ ಮನೆ ಸಿಕ್ಕಿರಬೇಕು ಅಲ್ಲವೇ ಅಪ್ಪಾ" ಎಂದೆ. ಹೌದು ಎಂದೆ.

ಈ ಸೋಮವಾರ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಪಶು ಆಸ್ಪತ್ರೆಗೆ ಹೋಗಿದ್ದೆ. ಪರಿಚಯದವರ ನಾಯಿಯ ವಿಷಯವೆಂದು ಹೇಳಿ ಡಾಕ್ಟರರನ್ನು ಕೇಳಿದೆ. ನಮ್ಮ ಹಾಗೆ ಮೈತುಂಬ ಬೆವರುವುದು ನಾಯಿಗೆ ಸಾಧ್ಯವಿಲ್ಲವಂತೆ, ಪಂಜದಡಿ ಅಷ್ಟಿಷ್ಟು ಬೆವರುತ್ತದೆ, ಉಳಿದ ಶಾಖವೆಲ್ಲ ತೇಕುತ್ತಲೇ ಹೊರಗೆ ಹೋಗಬೇಕು. ದಪ್ಪ ಒದ್ದೆ ಬಟ್ಟೆ ಸುತ್ತಿಟ್ಟರೆ ಮೈಯ ಕಾವು ಒಳಗೇ ಉಳಿಯುತ್ತದೆ. ಮೈಮೇಲೆ ತಣ್ಣೀರು ಸುರಿಯುತ್ತ ಫ್ಯಾನಿನ ಗಾಳಿಗೆ ಇಡಬೇಕು, ತಾನಾಗಿ ಕುಡಿದರೆ ಮಾತ್ರ ನೀರು ಕೊಡಬೇಕು, ತಡಮಾಡದೆ ಆಸ್ಪತ್ರೆಗೆ ತರಬೇಕು ಎಂದರು. ನಾನು ಮಾಡಿದ್ದು ಒಂದೂ ಸರಿಯಿರಲಿಲ್ಲ. "ಯಾವಾಗ ಆಯಿತು?" ಎಂದು ಕೇಳಿದರು. "ಹಳೆಯದು ಸರ್" ಎಂದು ಎದ್ದು ಬಂದೆ. ಹೊರಗಿನ ಗೋಡೆಗೆ ಒಂದು ಕಾಗದ ಅಂಟಿಸಿದ್ದರು: ನಾಯಿಯನ್ನು ವಿನಾಕಾರಣ ದಿನವಿಡೀ ಕಟ್ಟಿಹಾಕುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ನಾನು ಹುಟ್ಟುವುದಕ್ಕೆ ಹದಿನಾಲ್ಕು ವರ್ಷ ಮೊದಲಿನ ಕಾನೂನು.

ನೀನು ಸಾಹುಕಾರರಿಗೆ ಕೊಡದಿದ್ದುದು ಸರಿ. ಇದನ್ನು ಬರೆಯಲು ಮೂರು ದಿನ ಬೇಕಾಯಿತು. ಅವರಿಗೆ ಎದುರಾಡಿದವರನ್ನು ನಾನು ಇಷ್ಟು ವರ್ಷದಲ್ಲಿ ನೋಡಿರಲಿಲ್ಲ. ನೋಡಿದ್ದು ನಿನ್ನನ್ನೇ, ಅದೂ ಮೈಮೇಲೊಂದು ಮರಿ ಮಲಗಿಸಿಕೊಂಡು. ನಿನ್ನ ಅತ್ತೆ "ಹುಡುಗಿ ನಾಯಿ ಸಾಕುತ್ತಾಳೋ ಮದುವೆಯಾಗುತ್ತಾಳೋ" ಎಂದು ಕೇಳಿದಳು. "ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಗಂಡು ಸಿಕ್ಕರೆ ಆಗುತ್ತಾಳೆ" ಎಂದೆ.

ಆದರೆ ತಾಯಿ, ನಿನಗೂ ಎರಡು ಮಾತು ಹೇಳಬೇಕು. ಮುಂಗೈಮೇಲೆ ಗೀರುಗಳಿದ್ದವು, ಕಂಡೆ. ನಾಯಿಗಳ ಜೊತೆ ಕೆಲಸ ಮಾಡುವವರು ಕಚ್ಚುವ ಮೊದಲೇ ಹಾಕಿಸಿಕೊಳ್ಳುವ ರೇಬೀಸ್ ಲಸಿಕೆ ಇದೆ, ಮೂರು ಸಲದ್ದು. ಹಾಕಿಸಿಕೊಂಡಿದ್ದೀಯಾ? ನಾಯಿಗಳಿಗೆಲ್ಲ ಹಾಕಿಸಿ ನೀನು ಬಿಟ್ಟಿರುತ್ತೀಯೆ, ನನಗೆ ಗೊತ್ತು. ಹಾಕಿಸಿಕೊಂಡಿದ್ದರೂ ಹಲ್ಲು ತಾಗಿದರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಬೇಕು, ಅಂದೇ ಆಸ್ಪತ್ರೆಗೆ ಹೋಗಬೇಕು, ಮತ್ತೆ ಎರಡು ಚುಚ್ಚುಮದ್ದು ತೆಗೆದುಕೊಳ್ಳಬೇಕು. ಅಜ್ಜಿ ಹೇಳುವ ಸುಣ್ಣ, ಖಾರದಪುಡಿ ಬೇಡ. ಮರಿಯ ಹಲ್ಲು ತಾನೇ ಎಂದೂ ಬಿಡಬೇಡ. ಆ ರೋಗ ಒಮ್ಮೆ ಕಾಣಿಸಿಕೊಂಡ ಮೇಲೆ ಔಷಧವಿಲ್ಲ. ರಾತ್ರಿ ಹತ್ತಕ್ಕೆ ಯಾರೋ ಫೋನ್ ಮಾಡಿದರೆಂದು ಒಬ್ಬಳೇ ಸ್ಕೂಟರ್ ತೆಗೆದುಕೊಂಡು ಬೈಪಾಸಿಗೆ ಹೋಗಬೇಡ. ಸಂಬಳವನ್ನೆಲ್ಲ ಅಲ್ಲಿಗೇ ಸುರಿಯಬೇಡ. ಹೋಟೆಲಿನವರು ಉಳಿದ ಅನ್ನ ಕಳಿಸುತ್ತಾರೆ ಎಂದೆಯಲ್ಲ, ಅದರಲ್ಲಿ ಈರುಳ್ಳಿ ಇರುತ್ತದೆ, ನಾಯಿಯ ರಕ್ತಕ್ಕೆ ಅದು ಕೆಟ್ಟದ್ದು. ಸಿಂಧನೂರು ಕಡೆಯ ಗಿರಣಿಗಳಲ್ಲಿ ನುಚ್ಚಕ್ಕಿ ಅಗ್ಗಕ್ಕೆ ಸಿಗುತ್ತದೆ, ಕೇಳಿನೋಡು. ಇವೆಲ್ಲ ನಿನಗೆ ನನಗಿಂತ ಚೆನ್ನಾಗಿ ಗೊತ್ತಿರುವ ವಿಷಯ. ಬರೆಯದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ಇನ್ನೊಂದು ಚಿಂತೆ. 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ಬೀದಿ ನಾಯಿಗಳನ್ನು ಹಿಡಿದು ಆಶ್ರಯ ತಾಣಗಳಲ್ಲಿ ಇಡಬೇಕೆಂದು ಆದೇಶ ಕೊಟ್ಟಿದ್ದು ಓದಿದೆ. ಮಕ್ಕಳಿಗೆ ಕಚ್ಚುತ್ತವೆ, ಅದೂ ಸುಳ್ಳಲ್ಲ. ನಮ್ಮ ಓಣಿಯಲ್ಲೇ ತಾಯಂದಿರು ಕೋಲು ಹಿಡಿದು ಮಕ್ಕಳನ್ನು ಶಾಲೆಗೆ ಬಿಡುತ್ತಾರೆ. ಆದರೆ ಹಿಡಿದ ನಾಯಿಗಳೆಲ್ಲ ನಿಮ್ಮಂಥವರ ತಗಡಿನ ಶೆಡ್ಡಿಗೇ ಬಂದರೆ ಏನು ಮಾಡುತ್ತೀರಿ? ಆಗ ಜಾಗ ಖಾಲಿಯಾದರೆ ಸಾಕೆಂದು ಮಾಳಿಗೆಯವರಿಗೂ ಮರಿ ಕೊಟ್ಟುಬಿಡಬೇಕು ಅನ್ನಿಸಬಹುದು. ಕೊಡಬೇಡ. ನಾನು ಒಳ್ಳೆಯವನಂತೆಯೇ ಕಾಣುತ್ತಿದ್ದೆ, ಬೋಗುಣಿ ತುಂಬ ನೀರಿಟ್ಟಿದ್ದೆ.

ಈ ಕಾಗದದ ಜೊತೆ ಕಳಿಸಿದ ಗಂಟಿನಲ್ಲಿ ನಾಯಿಗಳಿಗೆಂದು ಇಪ್ಪತ್ತೆರಡು ಹಾಸುಗಳಿವೆ. ಕಟಿಂಗಿನಲ್ಲಿ ಉಳಿದ ಚೂರು ಬಟ್ಟೆ, ಹೇಗೂ ಕಸಕ್ಕೆ ಹೋಗುವುದು. ವಿಷಯ ಹೇಳಿದ ಮೇಲೆ ಹೊಲಿಗೆಯ ಹೆಂಗಸರು ಕೆಲಸ ಮುಗಿದ ಮೇಲೆ ಅರ್ಧ ಗಂಟೆ ಕುಳಿತು ಹೊಲಿದುಕೊಟ್ಟರು. ವಾರಕ್ಕೆ ಇಷ್ಟು ಕೊಡುತ್ತೇವೆ ಎಂದಿದ್ದಾರೆ. ಇಬ್ಬರು "ಮರಿ ಕೇಳಿದರೆ ನಮ್ಮನ್ನೂ ಪ್ರಶ್ನೆ ಕೇಳುತ್ತಾಳಾ?" ಎಂದರು. ಕೇಳುತ್ತಾಳೆ ಎಂದೆ. ಗುಂಡಿ, ರಿವೆಟ್, ಜಿಪ್ ಒಂದೂ ಉಳಿಯದಂತೆ ನಾನೇ ಪ್ರತಿಯೊಂದನ್ನೂ ಕೈಯಾಡಿಸಿ ನೋಡಿದ್ದೇನೆ. ಒಳಗೆ ಹತ್ತಿ ತುಂಬಿಲ್ಲ, ಹರಿದು ನುಂಗುತ್ತವೆ. ಅಂಚಿನ ದಾರ ಬಿಚ್ಚಿಕೊಂಡರೆ ಕತ್ತರಿಸಿಬಿಡು, ಹೊಟ್ಟೆಗೆ ಹೋದರೆ ಕರುಳು ಕೊಯ್ಯುತ್ತದೆ. ಏಪ್ರಿಲ್ ಬಂದ ಮೇಲೆ ಮಧ್ಯಾಹ್ನ ಇವನ್ನೆಲ್ಲ ಎತ್ತಿಡು. ಶಹಾಬಾದ್ ಕಲ್ಲಿನ ನೆಲಕ್ಕೆ ನೀರು ಹೊಡೆದರೆ ಅವು ಅಲ್ಲೇ ಮಲಗುತ್ತವೆ.

ನಿನ್ನೆ ಸಾಹುಕಾರರು ಕಟಿಂಗ್ ಟೇಬಲ್ಲಿನ ಹತ್ತಿರ ಬಂದು ಹಾಸುಗಳನ್ನು ನೋಡಿದರು. ಒಂದನ್ನು ಎತ್ತಿ ತಿರುಗಿಸಿದರು. "ಕೆಳಗಿನ ವರಾಂಡದಲ್ಲಿ ಬಿಟ್ಟರೆ ಕೊಡುತ್ತಾಳೇನು?" ಎಂದರು. ಅವಳನ್ನೇ ಕೇಳಿ ಎಂದೆ. ಫೋನ್ ಮಾಡಿದರೂ ಮಾಡಿಯಾರು. ಇಲ್ಲ ಎನ್ನುವುದಿದ್ದರೆ ಹಿಂದಿನ ದಿನ ನನಗೆ ತಿಳಿಸು, ನಾನು ರಜೆ ಹಾಕುತ್ತೇನೆ.

ನಿನ್ನ ಅವ್ವನಿಗೆ ಇದಾವುದೂ ಗೊತ್ತಿಲ್ಲ. ಹೋದ ವರ್ಷ ಹಳೆಯ ಬಸ್ ನಿಲ್ದಾಣದ ಹತ್ತಿರ ಬಿಳಿ ಪಂಜದ ನಾಯಿಯೊಂದನ್ನು ಕಂಡು, "ನಮ್ಮ ಜಿಪ್ಪುವಿನ ಸಂತಾನವೇ ಇರಬೇಕು ನೋಡಿ" ಎಂದು ಬ್ಯಾಗಿನಿಂದ ಬಿಸ್ಕತ್ತು ತೆಗೆದು ಹಾಕಿದಳು. ಇರಬಹುದು ಎಂದೆ. ಈ ಭಾನುವಾರ ಅವಳಿಗೆ ಹೇಳುತ್ತೇನೆ. ನೀನು ಫೋನ್ ಮಾಡುವುದಿದ್ದರೆ ಸೋಮವಾರದ ನಂತರ ಮಾಡು.

ನಿನ್ನ ಅಪ್ಪ